ಎರಡು ಸಲ ಒತ್ತಿದರೆ ಬ್ಯಾಡ

ನನ್ನ ತಲೆಯಿಂದ ಹೆಡ್‌ಸೆಟ್ ಕಿತ್ತುಕೊಂಡು ಅವರು ನನಗೆ ಹೇಳಿದ ಮೊದಲ ಮಾತು ಇದು: “ತಮ್ಮಾ, ನೀ ಊಟಕ್ಕ ಕೂತಾಗೂ ಹಿಂಗೇ ಏನು? ಬಾಜೂದವನ ಬಾಯಾಗಿನ ತುತ್ತು ಕಸ್ಕೊಂಡು ನುಂಗ್ತೀಯೇನು?”

ಕಲ್ಯಾಣ ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಹೆಲ್ಪ್‌ಲೈನ್ ಇತ್ತು. ಬ್ಲೂಟೂತ್ ಇಯರ್‌ಫೋನು, ಮೌಸು, ಕೀಬೋರ್ಡು, ಸ್ಪೀಕರು ಮಾರುವ ಕಂಪನಿಯೊಂದರ ಪರವಾಗಿ ನಾವು ಕನ್ನಡದಲ್ಲಿ ಫೋನ್ ಎತ್ತುತ್ತಿದ್ದೆವು. ಕಂಪ್ಯೂಟರಿಗೆ ಕನೆಕ್ಟ್ ಆಗುತ್ತಿಲ್ಲ, ಕನೆಕ್ಟ್ ಆದರೂ ಸದ್ದು ಬರುತ್ತಿಲ್ಲ, ಸದ್ದು ಬಂದರೂ ಒಂದೇ ಕಿವಿಗೆ ಬರುತ್ತಿದೆ ಎಂಬ ನಾಡಿನ ದುಃಖಗಳನ್ನೆಲ್ಲ ಕೇಳಿ ಕಳೆಯುವುದು ನಮ್ಮ ಕೆಲಸ. ನನ್ನದು ಮೊದಲ ದಿನ. ಯಾವುದೋ ಊರಿನ ಒಬ್ಬ ಅಜ್ಜಿ “ಅದು ಕನೆಕ್ಟು...” ಎನ್ನುವಷ್ಟರಲ್ಲಿ ನಾನು, “ಆಗ್ತಿಲ್ಲ ಅಲ್ವಾ ಅಮ್ಮಾ? ಟೆನ್ಷನ್ ತಗೋಬೇಡಿ, ನಾನಿದೀನಿ” ಎಂದು ಹಾರಿದೆ. ಸೆಟ್ಟಿಂಗ್ಸ್ ತೆಗೆಸಿದೆ. ಅಲ್ಲಿ ಏನೇನು ಕಾಣುತ್ತದೋ ಎಲ್ಲವನ್ನೂ ಒಂದೊಂದಾಗಿ ತೆಗೆದುಹಾಕಿ, ಆಮೇಲೆ ಹೊಸದಾಗಿ ಸೇರಿಸೋಣ ಎಂದೆ. ಅಜ್ಜಿ ಬಹಳ ವಿಧೇಯರು. ಎಲ್ಲವನ್ನೂ ತೆಗೆದರು. ಹಾಗೆ ತೆಗೆದವುಗಳಲ್ಲಿ ಅವರ ಕೀಬೋರ್ಡೂ ಇತ್ತು, ಯಾವುದನ್ನು ಹಿಡಿದು ತೆಗೆಯುತ್ತಿದ್ದರೋ ಆ ಮೌಸೂ ಇತ್ತು. “ಈಗ ಎಲ್ಲಾ ಕಲ್ಲಾಗಿ ನಿಂತ್ಹೋಯ್ತಲ್ಲಪ್ಪಾ” ಎಂದರು ಅಜ್ಜಿ. ಆಗಲೇ ಹಿಂದಿನಿಂದ ಆ ಕೈ, ಹೊಸಬರಿಗೆ ಕೆಲಸ ಕಲಿಸುತ್ತಿದ್ದ ನಮ್ಮ ಹಿರಿಯರ ಕೈ, ಬಂದದ್ದು.

ಹೆಡ್‌ಸೆಟ್ಟನ್ನು ತಾವು ಹಾಕಿಕೊಂಡು ಅವರು ಕೇಳಿದರು: “ಅಮ್ಮಾ, ಮೊದಲಿಗೆ ನೀವು ಏನೋ ಹೇಳ್ಲಕತ್ತಿದ್ರಿ. ಅದನ್ನ ಪೂರಾ ಹೇಳ್ರಿ. ನಾ ಇಲ್ಲೇ ಅದೀನಿ.”

ಅಜ್ಜಿ ಪೂರ್ತಿ ಹೇಳಿದರು. ನಿನ್ನೆ ನಮ್ಮವರೇ ಯಾರೋ ಹೇಳಿಕೊಟ್ಟ ಹಾಗೆ ಮಾಡಿದ್ದರಿಂದ ಇಯರ್‌ಫೋನು ಕನೆಕ್ಟ್ ಆಗಿತ್ತಂತೆ. ಅದನ್ನು ತಿಳಿಸಿ, ಒಳ್ಳೆಯದಾಗಲಿ ಎನ್ನಲು ಫೋನ್ ಮಾಡಿದ್ದರಂತೆ.

ಅವರು ನನ್ನತ್ತ ತಿರುಗಿ ಕೊಟ್ಟ ನೋಟವನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ನನಗೂ ಒಂದಿಷ್ಟು ಮಾನ ಇದೆ. ಆಮೇಲೆ ಅವರು ಕೊಟ್ಟ ತರಬೇತಿ ಒಂದೇ ಸಾಲಿನದು: “ಗಿರಾಕಿ ಮಾತು ನಿಲ್ಲಿಸಿದ ಮ್ಯಾಲ ಒಮ್ಮೆ ಉಗುಳು ನುಂಗು. ಆಮ್ಯಾಲ ಬಾಯಿ ತೆಗಿ.”

ಅವರು ಕಲಬುರಗಿ ಕಡೆಯವರು. ಹುಡುಗರಾಗಿದ್ದಾಗಲೇ ಅಣ್ಣನ ಬೆನ್ನಿಗೆ ಬಿದ್ದು ಬೆಂಗಳೂರಿಗೆ ಬಂದಿದ್ದರು. ಆ ಅಣ್ಣ ಕೆ.ಆರ್. ಪುರದ ಕಡೆ ಏಳುತ್ತಿದ್ದ ಕಟ್ಟಡಗಳಿಗೆ ಟೈಲ್ಸ್ ಹಾಕುತ್ತಾ ಇವರನ್ನು ಓದಿಸಿದರು. ಇವರು ಓದಿದ್ದಕ್ಕಿಂತ ಹೆಚ್ಚಾಗಿ ಮಾತಾಡಿದರು ಎಂದು ಅಣ್ಣನೇ ನನಗೆ ಹೇಳಿದ್ದುಂಟು. ದಪ್ಪ ಮೀಸೆ, ಅಂಗಿಯ ಜೇಬಿನಲ್ಲಿ ಬಾಚಣಿಗೆ, ಬಾಚಲು ತಲೆಯ ಮೇಲೆ ಏನೂ ಉಳಿದಿಲ್ಲ. ಸ್ವಂತ ದನಿಯ ಮೇಲೆ ಅಪಾರ ಮೋಹ. ಹೊಸಬರಿಗೆ ಹಳೆಯ ಕರೆಗಳ ರೆಕಾರ್ಡಿಂಗ್ ಕೇಳಿಸುವಾಗ ತಮ್ಮ ಕರೆಗಳನ್ನೇ ಆರಿಸುತ್ತಿದ್ದರು. ಗಿರಾಕಿ ಮಾತಾಡುವ ಭಾಗ ಬಂದರೆ ಮುಂದಕ್ಕೆ ಓಡಿಸಿಬಿಡುತ್ತಿದ್ದರು. “ಇಲ್ಲಿ ಕೇಳು, ‘ಹೌದ್ರೀ’ ಅಂದೀನಲ್ಲ, ಆ ‘ಹೌದ್ರೀ’ ಒಳಗ ಎಷ್ಟು ತುಪ್ಪ ಅದ ನೋಡು” ಎಂದು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ನನ್ನ ಕನ್ನಡವೆಂದರೆ ಅವರಿಗೆ ತಮಾಷೆ. “ನೀ ಮಾತಾಡಿದ್ರ ಹಪ್ಪಳ ಮುರದಂಗ ಕೇಳ್ತದ ಲೇ. ಪ್ರತಿ ಶಬ್ದದ ಬಾಲ ಕಡದು ಇಡ್ತೀರಿ ನೀವು ಬೆಂಗಳೂರಿನವ್ರು.”

“ಟ್ರಾಫಿಕ್ ಸಾರ್. ಪೂರ್ತಿ ಹೇಳೋಕೆ ಟೈಮೆಲ್ಲಿದೆ?”

“ಸಾಯೂದಕ್ಕಾದ್ರೂ ಟೈಮ್ ಇಟ್ಕೋರಿ.”

ಒಳ್ಳೆಯವರಾಗಿದ್ದರು ಎಂದು ಬರೆದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಬಾಣಸವಾಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಮ್ಮೆ ಹಸಿವು ತಾಳದೆ, ಗಿರಾಕಿ ಮಾತಾಡುತ್ತಿರುವಾಗಲೇ ಚಕ್ಕುಲಿ ತಿಂದಳು. ಮ್ಯೂಟ್ ಒತ್ತಿದ್ದೇನೆ ಎಂದುಕೊಂಡಿದ್ದಳು, ಒತ್ತಿರಲಿಲ್ಲ. ಇವರು ಆ ಚಕ್ಕುಲಿಯ ರೆಕಾರ್ಡಿಂಗನ್ನು ಮೀಟಿಂಗಿನಲ್ಲಿ ದೊಡ್ಡ ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದರು. ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಇವರೇ ಕೆಳಗಿನ ಬೇಕರಿಯಿಂದ ಬನ್ನು ತಂದು ಅವಳ ಮುಂದೆ ಇಟ್ಟು, “ತಿನ್ನು, ಇದು ಸದ್ದು ಮಾಡಂಗಿಲ್ಲ” ಎಂದರು. ಅವರ ಕ್ಷಮೆ ಕೇಳುವ ರೀತಿ ಅಷ್ಟೇ. ಅವಳು ಬನ್ನನ್ನೂ ಮುಟ್ಟಲಿಲ್ಲ, ಆಮೇಲೆ ಇವರೊಡನೆ ಮಾತೂ ಆಡಲಿಲ್ಲ.

ಮೊದಲು ಕೆಟ್ಟದ್ದು ಮೌಸು. ಹಾಗೆಂದು ಘೋಷಿಸಿದವನು ನಾನೇ.

“ಇದು ಕ್ಲಿಕ್ ಆಗವಲ್ದು ನೋಡು ತಮ್ಮಾ” ಎಂದು ಒಂದು ದಿನ ಕರೆದರು. ನಾನು ಸಂಭ್ರಮದಿಂದ ಹೋದೆ. ಗುರುವಿನ ಮೌಸನ್ನು ಶಿಷ್ಯ ಸರಿ ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಬ್ಯಾಟರಿ ಬದಲಿಸಿದೆ. ತೆಗೆದುಹಾಕಿ ಮತ್ತೆ ಸೇರಿಸಿದೆ. ಡ್ರೈವರ್ ಹೊಸದು ಹಾಕಿದೆ. ಕಂಪ್ಯೂಟರಿನ ಬೆನ್ನಿನಲ್ಲಿದ್ದ ಬ್ಲೂಟೂತ್ ಡಾಂಗಲನ್ನು ಕಿತ್ತು ಮುಂದೆ ಚುಚ್ಚಿದೆ. ಕೊನೆಗೆ, “ಸಾರ್, ನಿಮ್ ಟೇಬಲ್ ಕಬ್ಬಿಣದ್ದು, ಸಿಗ್ನಲ್‌ನ ನುಂಗ್ತಿದೆ” ಎಂದು ತೀರ್ಪು ಕೊಟ್ಟು, ಇಡೀ ಆಫೀಸನ್ನು ಎಬ್ಬಿಸಿ, ಮ್ಯಾನೇಜರರ ಕೋಣೆಯ ಮರದ ಟೇಬಲನ್ನು ಹೊತ್ತು ತರಿಸಿದೆ. ಬಾಗಿಲಿನಲ್ಲಿ ಅದು ಸಿಕ್ಕಿಕೊಂಡಿತು. ಬಾಗಿಲನ್ನೂ ಬಿಚ್ಚಿದೆವು. ಮರದ ಟೇಬಲ್ ಬಂದು ಕೂತಿತು. ಅವರು ಮೌಸಿನ ಮೇಲೆ ಕೈ ಇಟ್ಟರು. ಕ್ಲಿಕ್ ಆಗಲಿಲ್ಲ.

ನಾನು ಅದೇ ಮೌಸಿನಲ್ಲಿ ಒತ್ತಿದೆ. ಆಯಿತು.

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ, ಗಿರಾಕಿ ವಾಪಸು ಕಳಿಸಿದ ಮಾಲನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ನಾನು ಸುಮ್ಮನಿರದೆ, “ರಾತ್ರಿ ಕೈ ಮೇಲೆ ಮಲ್ಗಿರ್ತೀರ ಸಾರ್” ಎಂದೆ.

ಆಮೇಲೆ ನೀರಿನ ಬಾಟಲಿಯ ಮುಚ್ಚಳ ತೆರೆಯಲಾಗದೆ ಹೋಯಿತು. ಅಂಗಿಯ ಗುಂಡಿ ಕಷ್ಟವಾಯಿತು. ನಾಲಿಗೆ ದಪ್ಪವಾಯಿತು. ಆ ತುಪ್ಪದ “ಹೌದ್ರೀ” ಬಾಯೊಳಗೇ ಉರುಳಿ ನಿಲ್ಲತೊಡಗಿತು. ನಿಮ್ಮ ಹೆಲ್ಪ್‌ಲೈನಿನಲ್ಲಿ ಒಬ್ಬರು ಹಗಲಲ್ಲೇ ಕುಡಿದು ಮಾತಾಡುತ್ತಾರೆ ಎಂದು ಗಿರಾಕಿಗಳು ದೂರು ಕೊಟ್ಟರು. ಅವರನ್ನು ಕರೆಗಳಿಂದ ತೆಗೆದು ಮೇಲ್ವಿಚಾರಣೆಗೆ ಹಾಕಿದರು. ಸ್ವಲ್ಪ ಕಾಲದಲ್ಲೇ ಅವರು ಮನೆ ಸೇರಿದರು.

ಕಾಯಿಲೆಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತವೆ, ಬುದ್ಧಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಅವರು ನನಗೆ ವಿವರಿಸಿದ್ದು ನಮ್ಮ ಭಾಷೆಯಲ್ಲಿ. ಆಗ ಇನ್ನೂ ನಿಧಾನಕ್ಕೆ ಮಾತಾಡುತ್ತಿದ್ದರು. “ಕಂಪ್ಯೂಟರ್ ಛಲೋ ಅದ. ಮೌಸೂ ಛಲೋ ಅದ. ನಡುವಿನ ಕನೆಕ್ಷನ್ ಹೊಂಟದ. ತೆಗದು ಮತ್ತ ಸೇರಸ್ಲಿಕ್ಕ ಬರಂಗಿಲ್ಲ.”

“ಡಾಂಗಲ್ ಚೇಂಜ್ ಮಾಡೋಣ ಬಿಡಿ ಸಾರ್” ಎಂದೆ. ಅದಕ್ಕೆ ನಕ್ಕರು. ನಗು ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರು ಅಳುತ್ತಿದ್ದರು. ಆ ಕಾಯಿಲೆಯಲ್ಲಿ ಹಾಗಾಗುತ್ತದಂತೆ, ನಗು ತಾನೇ ಅಳುವಾಗಿಬಿಡುತ್ತದಂತೆ. ಅದು ಎಲ್ಲಿ ತಿರುಗುತ್ತದೆ ಎಂಬುದು ಅವರ ಹೆಂಡತಿಗೆ ಮಾತ್ರ ಗೊತ್ತಾಗುತ್ತಿತ್ತು. ಒಳಗಿನಿಂದಲೇ ಕೇಳಿಸಿಕೊಂಡು, ಟವೆಲು ಹಿಡಿದು ಬರುತ್ತಿದ್ದರು.

ಅವರ ಮನೆ ಹಲಸೂರಿನಲ್ಲಿ, ಗಲ್ಲಿಯೊಂದರ ಮಹಡಿಯ ಮೇಲೆ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಅಕ್ಕ, ಅಂದರೆ ಅವರ ಹೆಂಡತಿ, ಹತ್ತಿರದ ಟೈಲರ್ ಅಂಗಡಿಗೆ ಬ್ಲೌಸು ಹೊಲಿದುಕೊಡುತ್ತಿದ್ದರು. ಈಗ ಮೆಷಿನ್ನನ್ನು ಮನೆಗೇ ತರಿಸಿಕೊಂಡು ಮಂಚದ ಕಾಲ ಬಳಿ ಇಟ್ಟುಕೊಂಡಿದ್ದರು. ಭಾನುವಾರ ಬೆಳಿಗ್ಗೆ ನಾನು ಹೋಗುತ್ತಿದ್ದೆ. ಅವರ ದೇಹದಲ್ಲಿ ಏನು ಉಳಿದಿದೆಯೋ ಅದಕ್ಕೆ ತಕ್ಕ ಸಾಮಾನನ್ನು ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸವಾಗಿತ್ತು. ಬೆರಳು ಹೋದಾಗ, ಅಂಗೈಯಿಂದ ಉರುಳಿಸುವ ದೊಡ್ಡ ಗೋಲಿಯ ಮೌಸು. ಅಂಗೈ ಹೋದಾಗ, ಮೊಣಕೈಯಿಂದ ಒತ್ತುವ ಗುಂಡನೆಯ ಬ್ಲೂಟೂತ್ ಸ್ವಿಚ್ಚು. ಪರದೆಯ ಮೇಲೆ ಅಕ್ಷರಗಳ ಸಾಲು ಒಂದರ ನಂತರ ಒಂದು ಬೆಳಗುತ್ತದೆ. ಬೇಕಾದ ಸಾಲು ಬಂದಾಗ ಒಮ್ಮೆ, ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ ಒತ್ತಬೇಕು. ಬರೆದದ್ದನ್ನು ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ ಓದುತ್ತದೆ.

ಆ ದನಿಯದು ವಾರ್ತೆ ಓದುವ ಕನ್ನಡ. ಅವರು ಬರೆದ ಮೊದಲ ವಾಕ್ಯವನ್ನು ಅದು ಗಂಭೀರವಾಗಿ ಓದಿತು: “ಈಕಿ ಯಾರು. ನನ್ನ ಹೆಂಡತಿ ಮನೀಗೆ ಸೇರಸಂಗಿಲ್ಲ.”

ಹೊಲಿಗೆ ನಿಲ್ಲಿಸದೆ ಅಕ್ಕ ಹೇಳಿದರು: “ಇರ್ಲಿ ಬಿಡ್ರಿ. ನಿಮಗಿಂತ ಅಕಿ ಮೆಲ್ಲಗ ಮಾತಾಡ್ತಾಳ.”

ಅದೇ ಸ್ಪೀಕರಿನಿಂದ ನಾನು ಗಲ್ಲಿಯಲ್ಲಿ ಹೆಸರು ಮಾಡಿದೆ. ಒಂದು ಭಾನುವಾರ ಅದು ಕನೆಕ್ಟ್ ಆಗಲಿಲ್ಲ. ನಾನು ಹುಡುಕಿದಾಗ ಅದೇ ಹೆಸರು ಪರದೆಯ ಮೇಲೆ ಕಂಡಿತು, ಸೇರಿಸಿದೆ, ಕನೆಕ್ಟ್ ಆಯಿತು. ಅವರು ಬರೆದರು, ಸದ್ದು ಬರಲಿಲ್ಲ. ನಾನು ವಾಲ್ಯೂಮ್ ಏರಿಸಿದೆ. ಮತ್ತೆ ಬರೆದರು. ಪೂರ್ತಿ ಏರಿಸಿದೆ. ಕೆಳಗಿನ ಮನೆಯ ತಮಿಳು ಆಂಟಿ ಮೆಟ್ಟಿಲು ಹತ್ತಿ ಓಡಿ ಬಂದರು. “ಅಯ್ಯೋ ಮುರುಗಾ! ನಮ್ ಸ್ಪೀಕರ್ ಒಳಗೆ ಯಾರೋ ಒಂದು ಪೊಣ್ಣು ಕೂತ್ಕೊಂಡು, ಚಹಾದಾಗ ಸಕ್ರಿ ಇಲ್ಲ, ಚಹಾದಾಗ ಸಕ್ರಿ ಇಲ್ಲ ಅಂತ ಕೂಗ್ತಾಳಮ್ಮಾ! ನಾವು ಶುಗರ್ ಪೇಷೆಂಟು!” ಎರಡೂ ಮನೆಯಲ್ಲಿ ಒಂದೇ ಮಾದರಿಯ ಸ್ಪೀಕರ್ ಇತ್ತು. ಆ ದಿನವೂ ಅವರು ನಕ್ಕರು, ಅಕ್ಕ ಟವೆಲು ತಂದರು. ಅಂದಿನಿಂದ ಅಣ್ಣ ನನ್ನನ್ನು ‘ಸಕ್ರಿ ಇಂಜಿನೇರ’ ಎಂದು ಕರೆಯತೊಡಗಿದರು.

ಕೆ.ಆರ್. ಪುರದಿಂದ ಅಣ್ಣ ದಿನಾ ಬರುತ್ತಿದ್ದರು. ಮಂಡಿಯಲ್ಲಿ, ಉಗುರಿನಲ್ಲಿ ಸಿಮೆಂಟು. ತಮ್ಮನ ತಲೆದಿಂಬಿನ ಬಳಿ ಕೂತು ಪರದೆಯನ್ನೇ ನೋಡುವರು. ತಮ್ಮ ಒಂದು ಅಕ್ಷರ ಬರೆಯುವಷ್ಟರಲ್ಲಿ ಇವರು ವಾಕ್ಯ ಮುಗಿಸುವರು. ಪರದೆಯ ಮೇಲೆ ‘ಫ್ಯಾ’ ಎಂದು ಬಿದ್ದರೆ, “ಫ್ಯಾನ್ ಹಚ್ಚಬೇಕಾ? ಹಚ್ಚು ಹಚ್ಚು.” ಫ್ಯಾನು ತಿರುಗುವುದು. ತಮ್ಮ ಬರೆಯಬೇಕೆಂದಿದ್ದದ್ದು ಫ್ಯಾಕ್ಟರಿಗೆ ಹೊರಟಿದ್ದ ಯಾರದೋ ವಿಷಯ. ಅಣ್ಣ ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಕಷ್ಟ. ನಾನೇನು ಕಡಿಮೆಯೇ? ಒಂದಕ್ಷರಕ್ಕೆ ಕಥೆ ಕಟ್ಟುವವನು ನಾನು. ಅಕ್ಕನೂ ಕೆಲಸದ ಅವಸರದಲ್ಲಿ ಹಾಗೇ ಮಾಡುತ್ತಿದ್ದರು. ಊರಿನ ಗಿರಾಕಿಗಳೆಲ್ಲರ ಮಾತು ಮುಗಿಯುವ ತನಕ ಕಾದ ಮನುಷ್ಯನ ಮಾತು ಮುಗಿಯುವ ತನಕ ಕಾಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಅವರು ಕಣ್ಣು ಮುಚ್ಚಿಬಿಡುತ್ತಿದ್ದರು. ನಾವೆಲ್ಲ ಬಾಯಿ ಮುಚ್ಚುವ ತನಕ ತೆರೆಯುತ್ತಿರಲಿಲ್ಲ. ಅವರಿಗೆ ಉಳಿದಿದ್ದ ಬೈಗುಳ ಅದೊಂದೇ.

ಮೊಣಕೈಯೂ ಹೋಯಿತು. ಸ್ವಿಚ್ಚನ್ನು ಕೆನ್ನೆಯ ಪಕ್ಕಕ್ಕೆ, ದಿಂಬಿಗೆ ಕಟ್ಟಿದೆವು. ಕೆನ್ನೆಯಿಂದ ಅಕ್ಷರ ಆರಿಸುವುದು ದಣಿವಿನ ಕೆಲಸ. ಒಂದು ಪದಕ್ಕೇ ಬೆವರಿಳಿಯುತ್ತಿತ್ತು. ಉಗುಳು ನುಂಗುವುದೂ ಆಗದೆ, ಅದು ತುಟಿಯಿಂದ ಇಳಿದು ಸ್ವಿಚ್ಚಿನ ಮೇಲೆ ಬೀಳುತ್ತಿತ್ತು. ಅಕ್ಷರಗಳನ್ನು ಬಿಟ್ಟೆವು. ಸ್ವಿಚ್ಚು ಒತ್ತಿದರೆ ಕಂಪ್ಯೂಟರು ‘ಟಣ್’ ಎನ್ನುವ ಹಾಗೆ ಮಾಡಿಕೊಟ್ಟೆ. ಒಂದು ಸಲ ಒತ್ತಿದರೆ ಹೂಂ. ಎರಡು ಸಲ ಒತ್ತಿದರೆ ಬ್ಯಾಡ. ಅವರಿಗೆ ಉಳಿದ ಭಾಷೆ ಅಷ್ಟು.

ಆ ಹೊತ್ತಿಗೆ ಉಸಿರೂ ಸೋಲತೊಡಗಿತ್ತು. ಆಸ್ಪತ್ರೆಯ ಡಾಕ್ಟರು ಅಕ್ಕನನ್ನೂ ಅಣ್ಣನನ್ನೂ ಕೂರಿಸಿಕೊಂಡು ಹೇಳಿ ಕಳಿಸಿದ್ದರು. ಇನ್ನು ಸ್ವಲ್ಪ ಕಾಲದಲ್ಲಿ ಇವರ ಉಸಿರು ಇವರಿಗೆ ಸಾಲುವುದಿಲ್ಲ. ಗಂಟಲಿಗೆ ತೂತು ಮಾಡಿ ಉಸಿರಿನ ಮಷಿನ್ ಜೋಡಿಸಬಹುದು. ಆಗ ವರ್ಷಗಟ್ಟಲೆ ಬದುಕಬಹುದು, ಆದರೆ ಹೀಗೇ ಮಲಗಿ, ಕೊನೆಗೆ ಕೆನ್ನೆಯೂ ಅಲ್ಲಾಡದಂತಾಗಿ. ಇಲ್ಲವಾದರೆ ಮಷಿನ್ ಬೇಡವೆಂದು ಬಿಟ್ಟು, ಸಂಕಟವಾಗದಂತೆ ಔಷಧಿ ಕೊಟ್ಟು ನೋಡಿಕೊಳ್ಳಬಹುದು. ಯಾವುದು ಎಂದು ಅವರನ್ನೇ ಕೇಳಿ, ಈಗಲೇ ಕೇಳಿ, ಆಮೇಲೆ ಕೇಳಲು ಆಗುವುದಿಲ್ಲ ಎಂದಿದ್ದರು.

ಅಣ್ಣನ ಉತ್ತರ ಆಸ್ಪತ್ರೆಯ ಮೆಟ್ಟಿಲಲ್ಲೇ ಸಿದ್ಧವಾಗಿತ್ತು. “ಹಾಕಸೂದು. ಕೇಳೂದೇನದ ಅದರಾಗ?”

“ಅವರನ್ನ ಕೇಳೂಣು ಭಾವಾ” ಎಂದರು ಅಕ್ಕ.

ಆ ಭಾನುವಾರ ಬೆಳಿಗ್ಗೆ ನಾನು ಹೋದದ್ದು ಬೇರೆ ಕಾರಣಕ್ಕೆ. “ಒಮ್ಮೊಮ್ಮೆ ಅವರು ಒತ್ತಿದ್ರೂ ಸೌಂಡ್ ಬರಂಗಿಲ್ಲ ತಮ್ಮಾ. ನಾ ಅಡಗಿ ಮಾಡ್ಕೋತ ಇರ್ತೀನಿ, ಗೊತ್ತೇ ಆಗಂಗಿಲ್ಲ” ಎಂದು ಅಕ್ಕ ಫೋನ್ ಮಾಡಿದ್ದರು. ನನಗೆ ಅದು ಹೆಲ್ಪ್‌ಲೈನಿನ ಅಆಇಈ. ಬಳಸದಿದ್ದರೆ ಕರೆಂಟು ಉಳಿಸಲು ಬ್ಲೂಟೂತನ್ನು ಮಲಗಿಸುವ ಒಂದು ಸೆಟ್ಟಿಂಗು ಕಂಪ್ಯೂಟರಿನಲ್ಲಿ ಇರುತ್ತದೆ. ಅದರ ಮುಂದಿನ ಟಿಕ್ ತೆಗೆದೆ. ಸ್ವಿಚ್ಚು ಒತ್ತಿ ನೋಡಿದೆ, ಟಣ್. ಮತ್ತೆ ಒತ್ತಿದೆ, ಟಣ್. “ಆಯ್ತಕ್ಕ! ಇನ್ನು ಇದು ಜನ್ಮದಲ್ಲಿ ನಿದ್ದೆ ಮಾಡಲ್ಲ” ಎಂದು ಕೈ ಒರೆಸಿಕೊಂಡು, ಟೇಬಲಿನ ಹಿಂದೆ ಸಿಕ್ಕು ಬಿದ್ದಿದ್ದ ವೈರುಗಳನ್ನು ಬಿಡಿಸುತ್ತಾ ಕೂತೆ.

ಆಗ ಅಣ್ಣ ಬಂದರು. ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಂಚದ ಪಕ್ಕ ಕೂತು ತಮ್ಮನ ಕೈ ಹಿಡಿದು ಮಾತು ಶುರು ಮಾಡಿದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು, ಅಡಗಿಸಲಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಅವ್ವ ಸಾಯುವಾಗ ಇವನನ್ನು ತನ್ನ ಕೈಗೆ ಕೊಟ್ಟದ್ದು, ಬಸ್ಸಿನಲ್ಲಿ ಬೆಂಗಳೂರಿಗೆ ಬರುವಾಗ ಇವನಿಗೆ ಜ್ವರ ಬಂದದ್ದು, ಟೈಲ್ಸಿನ ಚೂರುಗಳ ಮೇಲೆ ಬಳಪದಿಂದ ಬರೆಸಿ ಲೆಕ್ಕ ಕಲಿಸಿದ್ದು. ಬಹಳ ಹೊತ್ತು ಮಾತಾಡಿದರು. ಅಕ್ಕ ಹೊಲಿಗೆ ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ಅಲ್ಲಾಡದೆ ಕೂತಿದ್ದರು. ನಾನು ಟೇಬಲಿನ ಹಿಂದೆ ಹಲ್ಲಿಯಂತೆ ಅಂಟಿಕೊಂಡೆ.

“ಮಷಿನ್ ಹಾಕಸೂದು ಬೇಕಲ್ಲೋ ತಮ್ಮಾ? ಬೇಕನ್ನು.”

ಟಣ್.

ಅಣ್ಣ ಎದ್ದೇಬಿಟ್ಟರು. “ಹೂಂ ಅಂದ! ಕೇಳಿದೆಯವ್ವಾ? ಹೂಂ ಅಂದ ನನ್ನ ತಮ್ಮ!” ಎಂದು ಗೋಡೆಗೆ ಹಣೆಯಿಟ್ಟು ಅತ್ತರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು.

ನಾನು ಕೂತಲ್ಲಿಂದ ಅವರ ಕೆನ್ನೆ ನೇರವಾಗಿ ಕಾಣುತ್ತಿತ್ತು. ಅದು ಎರಡು ಸಲ ಅಲ್ಲಾಡಿತ್ತು. ಮೊದಲನೆಯದಕ್ಕೆ ಸದ್ದು ಬರಲಿಲ್ಲ, ಎರಡನೆಯದಕ್ಕೆ ಬಂತು. ಈಗ ಅವರು ಕಣ್ಣು ಮುಚ್ಚಿದ್ದರು.

ಆಗ ನನಗೆ ಹೊಳೆಯಿತು. ಕಂಪ್ಯೂಟರನ್ನು ಎಚ್ಚರವಾಗಿಟ್ಟಿದ್ದೆ, ಸರಿ. ಆದರೆ ಸ್ವಿಚ್ಚಿಗೂ ತನ್ನದೇ ಪುಟ್ಟ ಬ್ಯಾಟರಿ ಇದೆ. ಅದನ್ನು ಉಳಿಸಿಕೊಳ್ಳಲು, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಅದೂ ಮಲಗುತ್ತದೆ. ಮಲಗಿದ್ದಾಗ ಒತ್ತಿದರೆ ಆ ಮೊದಲ ಒತ್ತು ಅದನ್ನು ಎಬ್ಬಿಸುವುದಕ್ಕೇ ಖರ್ಚಾಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ನಾನು ಪರೀಕ್ಷೆ ಮಾಡುವಾಗ ಅದು ಎಚ್ಚರವಿತ್ತು. ಅಣ್ಣ ಅಷ್ಟು ಹೊತ್ತು ಮಾತಾಡುವಾಗ ಮಲಗಿತ್ತು.

ಇಡೀ ಜೀವನದಲ್ಲಿ ಎಲ್ಲಿ ಬೇಡವೋ ಅಲ್ಲಿ ಬಾಯಿ ಹಾಕಿದವನಿಗೆ ಆಗ ಬಾಯಿ ಬರಲಿಲ್ಲ. ಸುಮ್ಮನಿದ್ದರೆ ಒಬ್ಬ ಮನುಷ್ಯ ಬದುಕುತ್ತಾನೆ, ಅವನ ಅಣ್ಣ ಖುಷಿಯಾಗಿರುತ್ತಾನೆ. ಆದರೆ ಆ ಮುಚ್ಚಿದ ಕಣ್ಣು ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

“ಅಣ್ಣಾ... ಇನ್ನೊಂದ್ಸಲ ಕೇಳ್ತೀರಾ?”

“ಯಾಕ? ಹೂಂ ಅಂದಾನಲ್ಲ?”

“ಸ್ವಿಚ್ ಮಲ್ಗಿತ್ತು ಅಣ್ಣಾ. ಸಾರ್ ಎರಡು ಸಲ ಒತ್ತಿದ್ರು. ಒಂದನ್ನ ಅದು ನುಂಗ್ಬಿಡ್ತು.”

ಅಣ್ಣ ನನ್ನನ್ನು ನೋಡಿದ ರೀತಿಗೆ ನಾನು ಟೇಬಲಿನ ಇನ್ನೂ ಹಿಂದಕ್ಕೆ ಸರಿದೆ. “ಜನ್ಮದಾಗ ನಿದ್ದಿ ಮಾಡಂಗಿಲ್ಲ ಅಂತ ನೀ ಅಂದದ್ದು ಮೆಟ್ಟಿಲದಾಗೇ ಕೇಳ್ತಲ್ಲ ನನಗ? ಕೆಳಗಿನ ಮನೀಗೆ ಚಹಾ ಕೇಳಿಸಿದವ ನೀ. ನಿನ್ನ ಕೈಯಾಗ ಒಂದು ಸಾಮಾನರೆ ನೆಟ್ಟಗ ನಡದದೇನು? ನಿನ್ನ ಮಾತು ಕೇಳಿ ನಾ ನನ್ನ ತಮ್ಮನ್ನ ಕೊಲ್ಲಬೇಕಾ?”

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೋಡಂಗಿಯಾಗಿ ಹೆಸರು ಮಾಡಿದವನು ನಿಜ ಹೇಳಲು ಎದ್ದು ನಿಂತರೆ ಸಾಕ್ಷಿಗೆ ಯಾರೂ ಇರುವುದಿಲ್ಲ. “ತಪ್ಪಾಗಿದ್ರೆ ಇನ್ನೊಂದ್ಸಲ ಹೂಂ ಅಂತಾರಲ್ಲಣ್ಣಾ, ಏನ್ ಹೋಗುತ್ತೆ?” ಎಂದೆ. “ಹೋಗೂದು ಏನಂತ ನಿನಗೇನ್ ಗೊತ್ತು?” ಎಂದರು. ಹೀಗೆ ಮಾತಿಗೆ ಮಾತು ಬೆಳೆಯುತ್ತಿರುವಾಗ ಅಕ್ಕ ಎದ್ದು ಬಂದರು.

“ಅದು ಮಲಗ್ಯದೋ ಎದ್ದದೋ ಹ್ಯಾಂಗ ಗೊತ್ತಾಗ್ತದ ತಮ್ಮಾ?”

“ಈಗ ಮತ್ತೆ ಮಲ್ಗಿರತ್ತೆ ಅಕ್ಕ. ಒತ್ತಿ ನೋಡಿ. ಮೊದಲ್ನೇ ಸಲ ಸದ್ದು ಬರಲ್ಲ.”

ದಿಂಬಿನಿಂದ ಸ್ವಿಚ್ಚನ್ನು ಬಿಚ್ಚಿ ಅಕ್ಕ ಅಂಗೈಯಲ್ಲಿ ಇಟ್ಟುಕೊಂಡರು. ಹೆಬ್ಬೆರಳಿನಿಂದ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಟಣ್.

ಅಣ್ಣ ಕೂತರು. ಯಾರೋ ಹೆಗಲು ಹಿಡಿದು ಕೂರಿಸಿದ ಹಾಗೆ ಕೂತರು.

ಅಕ್ಕ ಸ್ವಿಚ್ಚಿನ ಮೇಲಿನ ಜೊಲ್ಲನ್ನು ಒರೆಸಿ, ಅದನ್ನು ಗಂಡನ ಕೆನ್ನೆಯ ಪಕ್ಕ ತಾವೇ ಹಿಡಿದರು. ಅವರು ಕಣ್ಣು ತೆರೆದಿದ್ದರು. ಅಕ್ಕ ಅವ್ವನ ಸುದ್ದಿ ತೆಗೆಯಲಿಲ್ಲ, ಊರಿನ ಸುದ್ದಿ ತೆಗೆಯಲಿಲ್ಲ. “ಏನ್ರೀ, ಗಂಟಲಿಗೆ ಮಷಿನ್ ಹಾಕಸೂದು ಬೇಕ್ರೇನು?” ಎಂದು ಅಷ್ಟೇ ಕೇಳಿದರು.

ಟಣ್.

“ನೋಡು, ಹೂಂ...” ಎಂದು ಅಣ್ಣ ಏಳುವಷ್ಟರಲ್ಲಿ ಅಕ್ಕ ಇನ್ನೊಂದು ಕೈಯನ್ನು ಅವರ ಬಾಯಿಗೆ ಅಡ್ಡ ಹಿಡಿದರು. ಭಾವನನ್ನು ಆಕೆ ಮುಟ್ಟಿದ್ದು ಅದೇ ಮೊದಲಿರಬೇಕು. ಆ ಕೈ ಅಲ್ಲೇ ಇತ್ತು. ಕೆಳಗೆ ಆಂಟಿಯ ಮನೆಯಲ್ಲಿ ಕುಕ್ಕರು ಕೂಗಿತು. ಬೀದಿಯಲ್ಲಿ ಸೊಪ್ಪಿನವನು ಕೂಗುತ್ತಾ ಬಂದು, ಕೂಗುತ್ತಾ ಹೋದ. ಅವರ ಕೆನ್ನೆಯ ಚರ್ಮ ಒಮ್ಮೆ ನಡುಗಿತು, ಸೋತಿತು, ಮತ್ತೆ ನಡುಗಿತು. ಹಣೆಯ ಮೇಲೆ ಬೆವರು ಒಡೆಯಿತು.

ಟಣ್.

ಅಕ್ಕ ಎರಡೂ ಕೈ ಕೆಳಗಿಳಿಸಿದರು. “ಆಯ್ತ್ರಿ” ಎಂದರು. ಹೊಲಿಗೆ ಮೆಷಿನ್ನಿನ ಮುಂದೆ ಹೋಗಿ ಕೂತು, ಅರ್ಧಕ್ಕೆ ನಿಂತಿದ್ದ ಬ್ಲೌಸಿನ ತೋಳನ್ನು ಹೊಲಿದು ಮುಗಿಸಿದರು. ಹೊಲಿಗೆ ಸೊಟ್ಟಗೆ ಹೋಗಿತ್ತು. ಬಿಚ್ಚಿ ಮತ್ತೆ ಹೊಲಿದರು.

ಮಾರನೆಯ ಬೆಳಿಗ್ಗೆ ಅಣ್ಣ ಮತ್ತೆ ಬಂದು ಕೇಳಿದರಂತೆ. ಕೇಳುವ ಮೊದಲು ಸ್ವಿಚ್ಚನ್ನು ತಾವೇ ಒತ್ತಿ ಎಬ್ಬಿಸಿ, ಕೆನ್ನೆಗೆ ಹಿಡಿದರಂತೆ. ಎರಡು ಬಂತು. ಆಮೇಲೆ ದಿನವೂ ಕೆಲಸಕ್ಕೆ ಹೋಗುವ ಮುಂಚೆ ಕೇಳುತ್ತಿದ್ದರು. “ದಿನಾ ಯಾಕ ಕೇಳ್ತೀರಿ ಭಾವಾ?” ಎಂದರೆ, “ಮನಸ್ಸು ಬದಲಾದ್ರ ಅವ ಹ್ಯಾಂಗ ಹೇಳ್ತಾನ? ನಾವು ಕೇಳಿದ್ರಷ್ಟೇ ಅಲ್ಲ?” ಎಂದರು. ಒಂದು ಭಾನುವಾರ ನನ್ನೆದುರೇ ಕೇಳಿದರು. ಎರಡು ಬಂತು. ಆಮೇಲೂ ನಿಲ್ಲದೆ ಟಣ್ ಟಣ್ ಟಣ್ ಎಂದು ಬಂತು. ಅದು ಖಂಡಿತ ಬೈಗುಳ ಎಂದು ನಾನು ಹೇಳಿದೆ. ಅಣ್ಣ ನಕ್ಕರು. ಆ ಮನೆಯಲ್ಲಿ ನಾವು ನಕ್ಕದ್ದು ಅದೇ ಕೊನೆ.

ಅವರು ಹೋದದ್ದು ಒಂದು ಬೆಳಿಗ್ಗೆ. ನಾನು ಆಫೀಸಿನಿಂದ ಓಡಿಹೋದಾಗ ಅವರನ್ನು ನೆಲಕ್ಕೆ ಇಳಿಸಿ ಮಲಗಿಸಿದ್ದರು. ಮೀಸೆಯನ್ನು ಬಾಚಿದ್ದರು. ಅಣ್ಣ ಖಾಲಿ ಮಂಚದ ಅಂಚಿನಲ್ಲಿ ಕೂತು, ಸ್ವಿಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತಿದ್ದರು. ಕಂಪ್ಯೂಟರು ಟಣ್ ಎನ್ನುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಟಣ್.

“ನಡೀಲಕತ್ತದ ನೋಡು. ಬ್ಯಾಟರಿ ಅದ. ನಾ ಮೊದಲ ಒತ್ತಿ ಎಬ್ಬಿಸಿದ್ದೆ ತಮ್ಮಾ, ಖರೇ ಹೇಳ್ತೀನಿ. ಉಸಿರು ಬಾಳ ಎಳೀಲಕತ್ತಿತ್ತು. ಈಗರೆ ಬೇಕೇನೋ, ದವಾಖಾನಿಗೆ ಒಯ್ಯಲೇನೋ ಅಂತ ಕೇಳ್ದೆ. ಒಂದು ಬಂತು. ಎರಡನೇದಕ್ಕ ನಾ ಕಾದೆ.” ನನ್ನ ಮುಖ ನೋಡಿದರು. “ಬರ್ಲೇ ಇಲ್ಲ. ಒಂದೇ ಬಂತು. ಹೂಂ ಅಂದಿದ್ದೇನೋ ಅವ?”

ಸಿಗ್ನಲ್ ಹೋಗಿರಬಹುದು, ಸ್ವಿಚ್ಚು ಜಾರಿರಬಹುದು, ಒದ್ದೆಯಾಗಿರಬಹುದು. ಹೆಲ್ಪ್‌ಲೈನಿನಲ್ಲಿ ಹೇಳುವ ಕಾರಣಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ಯಾವುದನ್ನಾದರೂ ಹೇಳಿದ್ದರೆ ಅವರು ನಂಬುತ್ತಿದ್ದರು.

“ಗೊತ್ತಿಲ್ಲಣ್ಣಾ” ಎಂದೆ.

ಗಂಡನ ತಲೆಯ ಬಳಿ ಕೂತಿದ್ದ ಅಕ್ಕ ತಿರುಗದೆ ಹೇಳಿದರು: “ದಿನಾ ಎರಡು ಒತ್ತಿದವರು ಭಾವಾ. ಇವತ್ತ ಒಂದಕ್ಕ ಶಕ್ತಿ ತೀರಿತು. ಅಷ್ಟೇ. ಅದನ್ನ ಬಂದ್ ಮಾಡ್ರಿ ಈಗ.”

ಅಣ್ಣ ಸ್ವಿಚ್ಚನ್ನು ಮಗುಚಿದರು. ಅಂಚನ್ನೆಲ್ಲ ಸಿಮೆಂಟಿನ ಉಗುರಿನಿಂದ ತಡವಿದರು. “ಬಂದ್ ಮಾಡೂದು ಎಲ್ಲಿ ಅದ ತಮ್ಮಾ?”

“ಇದಕ್ಕೆ ಆಫ್ ಬಟನ್ ಇಲ್ಲಣ್ಣಾ. ಮುಟ್ಟದೆ ಬಿಟ್ರೆ ತಾನೇ ಮಲಗತ್ತೆ.”

ಅವರು ಅದನ್ನು ಹಾಸಿಗೆಯ ಮೇಲೆ ಇಟ್ಟರು. ಬೆರಳು ಇನ್ನೂ ಅದರ ಮೇಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ತೆಗೆದರು.